ಹೆಗಲ ಮೇಲಿನ ಕೈ

ಕೊನೆಯ ವರ್ಷದವರ ಬೀಳ್ಕೊಡುಗೆ ಮೆರವಣಿಗೆ ಹೊರಡಲು ಇನ್ನೂ ಸಮಯವಿತ್ತು. ಪಿರೋಷ್ಕಾ ಮೇಡಂ ಬುಟ್ಟಿ ತುಂಬ ಪೊಗಾಚಾ ತಂದು ಮೇಜಿನ ಮೇಲಿಟ್ಟು, "ತಿನ್ನಿ ಮಕ್ಕಳಾ. ತಿನ್ತಾ ತಿನ್ತಾ ನಾಲ್ಕು ವರ್ಷದ ಕಥೆ ಹೇಳಿ. ನಗು ಬರೋವಂಥದ್ದೇ ಹೇಳ್ಬೇಕು. ಅಳೋದು ಹೇಗೂ ಅಂಗಳದಲ್ಲಿ ಇದ್ದೇ ಇದೆ" ಅಂದರು. ಆಗಷ್ಟೇ ಒಲೆಯಿಂದ ಇಳಿದ ಉಪ್ಪು ಬನ್ನು, ಒಳಗೆ ಚೀಸು. ಹುಡುಗರು ಕೋಟಿನ ತೋಳಿಗೆ ಎಣ್ಣೆ ತಾಗದಂತೆ ಕೈ ಚಾಚಿ ಬಾಚಿಕೊಂಡರು. ಹುಡುಗಿಯರು ನಾವಿಕರ ಕಾಲರಿನ ಬಿಳಿ ಅಂಗಿ ತೊಟ್ಟು ಬಂದಿದ್ದರು, ಒಂದು ಚುಕ್ಕೆ ಕಲೆ ಇಲ್ಲ.

ವೆಂಡೆಲ್ ಕಿಟಕಿ ಪಕ್ಕದ ತನ್ನ ಹಳೆಯ ಜಾಗದಲ್ಲೇ ಕೂತಿದ್ದ. ಮುಂದೆ ಎಮೊಕೆ, ಹಿಂದೆ ಜೊಂಬೋರ್. ಈ ಶಾಲೆಯಲ್ಲಿ ಕೂರುವುದು, ನಿಲ್ಲುವುದು, ಪ್ರವಾಸದಲ್ಲಿ ಮಲಗುವುದು ಎಲ್ಲವೂ ಹಾಜರಿ ಕೂಗುವ ಕ್ರಮದಲ್ಲೇ. ಹೀಗಾಗಿ ನಾಲ್ಕು ವರ್ಷವೂ ಜೊಂಬೋರನ ಮೊಣಕಾಲು ವೆಂಡೆಲನ ಬೆನ್ನಿಗೆ, ಜೊಂಬೋರನ ಕೈವಾರದ ಮೊನೆ ವೆಂಡೆಲನ ಕತ್ತಿಗೆ. ಯಾವ ಪುಣ್ಯಾತ್ಮ ಆ ಎರಡು ಹೆಸರನ್ನು ಒಂದರ ಕೆಳಗೊಂದು ಬರೆದನೋ, ಅವನ ಕೈ ಸೇದಿಹೋಗ!

ಮೊದಲು ಎದ್ದವನು ಬೊಟೊಂಡ್. ತರಗತಿಯ ವಿದೂಷಕ, ಬಾಯಿ ತೆರೆದರೆ ಸಾಕು, ಎಲ್ಲರೂ ನಗಲು ತಯಾರು. "ನೆನಪಿದ್ಯೇನ್ರೋ, ನಮ್ಮ ವೆಂಡೆಲನ್ನ ಆಟದ ಸಾಮಾನಿನ ಬೀರುಗೆ ತುಂಬಿ ಬೀಗ ಹಾಕಿದ್ದು? ಸಾಯಂಕಾಲ ಗುಡಿಸೋ ಅಮ್ಮ ಬಾಗಿಲು ತೆಗೆದ್ರೆ ಒಳಗಿಂದ ಇವನು 'ಗುಡ್ ಈವನಿಂಗ್' ಅಂದ್ನಂತೆ!"

ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಮೇಡಮ್ಮೂ ನಕ್ಕರು. ವೆಂಡೆಲನೂ ನಕ್ಕ. ಆ ಬೀರುವಿನಲ್ಲಿ ಅವನು ಪ್ಯಾಂಟು ಒದ್ದೆ ಮಾಡಿಕೊಂಡಿದ್ದ, ಉಸಿರು ಸಿಗದೆ ಬಾಗಿಲನ್ನು ಉಗುರಿನಿಂದ ಕೆರೆದು ಕೆರೆದು ಎರಡು ಉಗುರು ಕಿತ್ತುಹೋಗಿದ್ದವು. ಅದು ಕಥೆಯಲ್ಲಿ ಬರಲಿಲ್ಲ.

ಆಮೇಲೆ ಎಮೊಕೆ. ವೆಂಡೆಲನ ಬ್ರೆಡ್ಡಿನೊಳಗೆ ಸಾಸೇಜು ತೆಗೆದು ನಾಯಿಗೆ ಹಾಕೋ ಮಾಂಸ ಇಟ್ಟ ಕಥೆ. ಅವಳಾದ ಮೇಲೆ ಇನ್ನೊಬ್ಬ, ತಿಸಾ ನದಿ ಹೆಪ್ಪುಗಟ್ಟಿದ್ದಾಗ ಅವನನ್ನು ತೆಳು ಮಂಜುಗಡ್ಡೆಯ ಮೇಲೆ ಓಡಿಸಿದ ಕಥೆ. ಸೊಂಟದವರೆಗೂ ಮುಳುಗಿದ್ದನಂತೆ, ಮನೆ ಮುಟ್ಟುವಷ್ಟರಲ್ಲಿ ಪ್ಯಾಂಟು ಹಲಗೆಯಾಗಿತ್ತಂತೆ. ಹ್ಹಹ್ಹಹ್ಹಾ! ನಾಲ್ಕು ವರ್ಷ ಒಟ್ಟಿಗೆ ಓದಿದ್ದಾರೆ, ಪುಣ್ಯಾತ್ಮರು, ನೆನಪು ಮಾಡಿಕೊಳ್ಳಲು ಅವರಿಗೆ ಇದ್ದದ್ದು ಒಬ್ಬನೇ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರೆ. ಇಲ್ಲಿ ಇಲಿಯೂ ಜೊತೆಗೆ ನಗುತ್ತಿತ್ತು. ನಗದಿದ್ದರೆ ಮಾರನೇ ದಿನ ಎರಡರಷ್ಟು ಬೀಳುತ್ತದೆ ಅನ್ನುವುದನ್ನು ಇಲಿ ಮೊದಲ ವರ್ಷವೇ ಕಲಿತಿತ್ತು.

ಮೇಡಂ ಎಲ್ಲರ ಕೈಗೂ ಕೊಡಬೇಕಾದ ಲೈಲಾಕ್ ಹೂ ತರಲು ಕೆಳಗೆ ಹೋದರು. ಅವರು ಅತ್ತ ಹೋದದ್ದೇ ಜೊಂಬೋರ್ ಇತ್ತ ಬೆಂಚಿನ ಮೇಲೆ ಹತ್ತಿ ನಿಂತ. ಎತ್ತರದ ಆಳು, ಒಳ್ಳೆ ಮುಖ, ಊರಿನ ಫುಟ್‌ಬಾಲ್ ತಂಡದ ಗೋಲ್‌ಕೀಪರ್.

"ಇವೆಲ್ಲ ಏನ್ ಮಹಾ ಬಿಡ್ರೋ. ಮೆಟ್ಟಿಲಿಂದು ಯಾರಿಗೆ ನೆನಪಿದೆ? ಎರಡನೇ ವರ್ಷ! ನಾನು ಸುಮ್ನೆ ಹೀಗೆ ಕಾಲು ಮುಟ್ಟಿಸ್ದೆ ಅಷ್ಟೇ, ಮಗ ಉರುಳ್ತಾ ಉರುಳ್ತಾ ಸೀದಾ ಹೆಡ್‌ಮಾಸ್ಟರ ಬಾಗಿಲಿಗೆ! ಕಿವೀಲಿ ರಕ್ತ! ಹೆಡ್‌ಮಾಸ್ಟ್ರು ಏನಾಯ್ತು ಅಂದ್ರೆ, ನಾವೆಲ್ಲ ಏನಂದ್ವಿ?"

"ಬಿದ್ದ ಸಾರ್!" ತರಗತಿ ಒಟ್ಟಿಗೆ ಕೂಗಿತು.

ವೆಂಡೆಲ್ ನಗಲಿಲ್ಲ. ನಗಬೇಕೆಂದು ತುಟಿ ಎಳೆದ, ತುಟಿ ಬರಲಿಲ್ಲ. ಹೋದ ವಾರ ಅವನು ರೈಲ್ವೆ ಡಾಕ್ಟರ ಮುಂದೆ ಕೂತಿದ್ದ. ಚಿಕ್ಕಂದಿನಿಂದ ಅವನಿಗೆ ಇದ್ದದ್ದು ಒಂದೇ ಆಸೆ, ಎಂಜಿನ್ ಓಡಿಸಬೇಕು. ಡಾಕ್ಟರು ಎಡಗಿವಿಗೆ ಯಂತ್ರ ಇಟ್ಟು, ತೆಗೆದು, ಮತ್ತೆ ಇಟ್ಟು, "ಈ ಕಿವಿ ಸತ್ತಿದೆ ಕಣಪ್ಪ. ಎಂಜಿನ್ ಕೊಡಕ್ಕಾಗಲ್ಲ" ಅಂದಿದ್ದರು. ಅವತ್ತಿನಿಂದ ವೆಂಡೆಲನಿಗೆ ನಿದ್ದೆಯಿಲ್ಲ. ಕಿವಿ ಹೋಯಿತು, ಎಂಜಿನ್ನೂ ಹೋಯಿತು, ಹೋಗಲಿ. ಆದರೆ ಇವರೆಲ್ಲ ಊರವರ ಮುಂದೆ ಒಟ್ಟಿಗೆ ನಿಲ್ಲುವುದು ಇವತ್ತೇ ಕೊನೆ, ಪರೀಕ್ಷೆ ಮುಗಿದರೆ ದಿಕ್ಕಿಗೊಬ್ಬರು. ಅಷ್ಟರೊಳಗೆ ಒಬ್ಬರು, ಒಬ್ಬರೇ ಒಬ್ಬರು, ಹೊರಗಿನವರ ಮುಂದೆ ಬಾಯಿಬಿಟ್ಟು ನಿಜ ಹೇಳಬೇಕು. ಇಲ್ಲದಿದ್ದರೆ ಅವನು ಸಾಯುವ ತನಕ ತಾನಾಗಿ ಬಿದ್ದವನೇ.

"ಆ ಕಿವಿ ನನಗೆ ಕೇಳಿಸಲ್ಲ" ಅಂದ ವೆಂಡೆಲ್. "ರೈಲ್ವೇನೋರು ವಾಪಸ್ ಕಳ್ಸಿದ್ರು."

ತಿನ್ನುತ್ತಿದ್ದ ಬಾಯಿಗಳು ನಿಂತವು.

"ನಾಟಕ ಆಡ್ಬೇಡ ಮಾರಾಯ" ಅಂದ ಜೊಂಬೋರ್.

"ನಾನು ಬಿದ್ನಾ? ಬೊಟೊಂಡ್, ನೀನು ಹೇಳು. ಬಿದ್ನಾ? ಎಮೊಕೆ, ನೀನು ಮೆಟ್ಟಿಲ ಮೇಲೇ ಇದ್ಯಲ್ಲ. ಹೊರಗಿನೋರ ಮುಂದೆ ಹೇಳ್ತೀಯಾ?"

ಬೊಟೊಂಡ್ ಬನ್ನು ನೋಡಿಕೊಂಡ. ಎಮೊಕೆ ಕಾಲರು ಸರಿಮಾಡಿಕೊಂಡಳು. ಜೊಂಬೋರ್ ಬೆಂಚಿನಿಂದ ಧುಮುಕಿ ಬಂದು ವೆಂಡೆಲನ ಎಡಗಿವಿ ಹಿಡಿದು ತಿರುಚಿ, ಅದರೊಳಗೆ ಬಾಯಿಟ್ಟು ಕೂಗಿದ. "ಹಲೋ! ಯಾರಾದ್ರೂ ಇದ್ದೀರೇನ್ರೀ ಒಳಗೆ?"

ಒಂದಿಬ್ಬರು ನಕ್ಕರು. ನಕ್ಕದ್ದೇ ತಪ್ಪಾಯಿತು.

ವೆಂಡೆಲ್ ಎದ್ದ ರಭಸಕ್ಕೆ ಬೆಂಚು ಮಗುಚಿತು. ಅವನ ಮೊದಲ ಗುದ್ದು ಜೊಂಬೋರನ ಬಾಯಿಗೆ ಬಿತ್ತು. ಹಲ್ಲು ಮುರಿದ ಸದ್ದು ಕಡೇ ಬೆಂಚಿಗೂ ಕೇಳಿಸಿತು. ವೆಂಡೆಲನ ಬೆರಳ ಗೆಣ್ಣು ಆ ಹಲ್ಲಿಗೇ ಸೀಳಿಹೋಯಿತು, ಅವನಿಗೆ ಅದು ಗೊತ್ತೇ ಆಗಲಿಲ್ಲ. ಜೊಂಬೋರ್ ಅವನ ಹೊಟ್ಟೆಗೆ ಒದ್ದ. ವೆಂಡೆಲ್ ಮಡಿಸಿಕೊಂಡು ಬಿದ್ದವನು ಆ ಕಾಲನ್ನೇ ತಬ್ಬಿ ಹಿಡಿದು ಎಳೆದ. ಗೋಲ್‌ಕೀಪರ್ ಧೊಪ್ಪನೆ ಮಲಗಿದ. ಆಮೇಲೆ ವೆಂಡೆಲ್ ಅವನ ಎದೆಯ ಮೇಲೆ ಕೂತ, ಗುದ್ದಿದ, ಗುದ್ದಿದ, ಮೂಗು ಪಕ್ಕಕ್ಕೆ ವಾಲುವ ತನಕ ಗುದ್ದಿದ. "ಇದು ಬೀರುಗೆ! ಇದು ನದಿಗೆ!" ಅಂತ ಅರಚಿದ. ಆಮೇಲೆ ಮಾತೂ ನಿಂತುಹೋಗಿ ಬರೀ ಏದುಸಿರು. ತಲೆಗೂದಲು ಹಿಡಿದು ಆ ತಲೆಯನ್ನು ನೆಲಕ್ಕೆ ಬಡಿದ. ಇನ್ನೊಮ್ಮೆ ಬಡಿಯಲು ಎತ್ತಿದಾಗ ಮೂವರು ಸೇರಿ ಅವನನ್ನು ಹಿಂದಕ್ಕೆಳೆದರು. ಅವರು ಎಳೆಯದೆ ಇದ್ದಿದ್ದರೆ ಅವತ್ತು ಅಲ್ಲೊಂದು ಹೆಣ ಬೀಳುತ್ತಿತ್ತು, ಸುಳ್ಳಲ್ಲ. ವೆಂಡೆಲನಿಗೆ ಭಯವಾಯಿತು, ಅದರ ಜೊತೆಗೆ ಹೊಟ್ಟೆ ತಣ್ಣಗೂ ಆಯಿತು.

ಬಾಗಿಲಲ್ಲಿ ಮೇಡಂ. ತೋಳ ತುಂಬ ಲೈಲಾಕ್.

"ಅಯ್ಯೋ ಯೇಸುವೇ, ಏನಾಯ್ತು?"

ಬೊಟೊಂಡ್ ಅಂದ, "ಬಿದ್ದ ಮೇಡಂ. ಬೆಂಚಿಂದ."

"ಹೌದು ಮೇಡಂ, ಬಿದ್ದ" ಅಂದರು ಉಳಿದವರು. ಮೂಗು ಒತ್ತಿ ಹಿಡಿದ ಜೊಂಬೋರನೂ ರಕ್ತ ಉಗಿದು, "ಬಿದ್ದೆ" ಅಂದ.

ಎರಡು ವರ್ಷ ಜೊಂಬೋರನನ್ನು ಕಾಪಾಡಿದ ಸುಳ್ಳು ಈಗ ವೆಂಡೆಲನನ್ನು ಕಾಪಾಡಲು ಬಂದಿತ್ತು. ಸೋಮವಾರ ಕೊನೆಯ ಪರೀಕ್ಷೆ, ಹೊಡೆದದ್ದು ಗೊತ್ತಾದರೆ ಕೂರಿಸುವುದೂ ಇಲ್ಲ. ಸುಮ್ಮನಿದ್ದರೆ ಆಯಿತು, ಯಾರೂ ಏನೂ ಕೇಳುವುದಿಲ್ಲ. ಆದರೆ ಇದಕ್ಕೆ ಹೂಂ ಅಂದರೆ ಅದಕ್ಕೂ ಹೂಂ ಅಂದ ಹಾಗೆ. ಅದು ಅವನಿಂದ ಆಗಲಿಲ್ಲ.

"ಅವನು ಬೀಳ್ಲಿಲ್ಲ ಮೇಡಂ. ನಾನು ಹೊಡೆದೆ. ನಾನೂ ಅವತ್ತು ಬೀಳ್ಲಿಲ್ಲ."

ಮೇಡಂ ಅವನ ಮುಖ ನೋಡಲಿಲ್ಲ. ಹೂವನ್ನು ಮೇಜಿನ ಮೇಲೆ ಸುರಿದರು. "ಕೆಳಗೆ ಅಂಗಳದ ತುಂಬ ಅಪ್ಪ ಅಮ್ಮಂದಿರು ಕಾಯ್ತಿದ್ದಾರೆ. ಗಂಟೆ ಹೊಡೆಯುತ್ತೆ ಈಗ. ಬಿದ್ದ ಅಂದ್ರೆ ಬಿದ್ದ. ಮುಖ ತೊಳ್ಕೊಂಡು ಸಾಲಲ್ಲಿ ನಿಂತ್ಕೊಳ್ಳಿ, ಎಲ್ರೂ! ನನ್ನ ಮರ್ಯಾದೆ ತೆಗೀಬೇಡಿ." ಅವತ್ತು ಅಂದರೆ ಯಾವತ್ತು ಅಂತ ಅವರು ಕೇಳಲೇ ಇಲ್ಲ. ಎಲ್ಲ ಗೊತ್ತಿದ್ದವರ ದನಿ ಅದು. ಥೂ, ವೆಂಡೆಲನಿಗೆ ಅವರ ಮೇಲೆ ಹೇಸಿಗೆಯಾಯಿತು.

ಸಾಲು ಹೊರಟಿತು. ಒಂದು ಕೈಯಲ್ಲಿ ಹೂ, ಇನ್ನೊಂದು ಕೈ ಮುಂದಿನವರ ಹೆಗಲ ಮೇಲೆ, ಹೆಗಲಿಗೆ ಅಡ್ಡಲಾಗಿ ಪುಟ್ಟ ಜೋಳಿಗೆ. ಹಾಡುತ್ತಾ ಒಂದೊಂದೇ ತರಗತಿ ಹೊಕ್ಕು ಹೊರಬರಬೇಕು, ಕೊನೆಗೆ ಅಂಗಳ. ಕೈ ತೆಗೆಯುವ ಹಾಗಿಲ್ಲ. ತೆಗೆದರೆ ತರಗತಿಯ ನಂಟು ಕಡಿಯುತ್ತದೆ ಅಂತ ಊರಿನವರ ನಂಬಿಕೆ. ಜೊಂಬೋರನ ಕೈ ವೆಂಡೆಲನ ಹೆಗಲ ಮೇಲೆ ಬಂತು, ಅದುಮಿತು. ಇನ್ನೊಂದು ಕೈಯ ಹೂವನ್ನು ಅವನು ಮುರಿದ ಮೂಗಿಗೆ ಮರೆಯಾಗಿ ಹಿಡಿದಿದ್ದ. "ಪರೀಕ್ಷೆ ಮುಗೀಲಿ, ನದಿ ಹತ್ರ ಸಿಗ್ತೀಯಲ್ಲ ಮಗನೆ" ಅಂತ ಊದಿದ ಬಾಯಲ್ಲೇ ಬಲಗಿವಿಗೆ ಉಸುರಿದ. ವೆಂಡೆಲನ ಕೈ ಎಮೊಕೆಯ ಹೆಗಲ ಮೇಲಿತ್ತು. ತೊಳೆದಾಗ ನಿಂತಿದ್ದ ಗೆಣ್ಣಿನ ರಕ್ತ ಮತ್ತೆ ಒಸರತೊಡಗಿತ್ತು. ಅವನಿಗೆ ಕಾಣುತ್ತಿತ್ತು. ಕೈ ತೆಗೆಯಲಿಲ್ಲ.

ಅಂಗಳಕ್ಕೆ ಬರುವಷ್ಟರಲ್ಲಿ ಆ ಬಿಳಿ ಅಂಗಿಯ ಹೆಗಲು, ತೋಳು, ಬೆನ್ನು ಕೆಂಪಾಗಿತ್ತು. ಮೊದಲು ಅದನ್ನು ಕಂಡವರು ಎಮೊಕೆಯ ತಾಯಿ. ಹೂಗುಚ್ಛ ಬಿಸಾಕಿ ಸಾಲಿಗೇ ನುಗ್ಗಿದರು.

"ರಕ್ತ! ನನ್ನ ಮಗಳಿಗೆ ಏನ್ ಮಾಡಿದ್ರೋ? ಯಾರದ್ದೇ ಇದು?"

ಹಾಡು ಅರ್ಧಕ್ಕೆ ನಿಂತಿತು. ಎಮೊಕೆ ಹೆಗಲನ್ನು ನೋಡಿಕೊಂಡಳು. ಮೇಡಂ ಓಡಿ ಬಂದು, "ಏನಿಲ್ಲ, ಒಬ್ಬ ಬಿದ್ದ..." ಅನ್ನಲು ಹೊರಟರು.

"ಬೀಳ್ಲಿಲ್ಲ" ಅಂದಳು ಎಮೊಕೆ. "ಯಾರೂ ಬೀಳ್ಲಿಲ್ಲಮ್ಮ. ವೆಂಡೆಲ್ ಜೊಂಬೋರನಿಗೆ ಹೊಡೆದ. ಎರಡನೇ ವರ್ಷ ಜೊಂಬೋರ್ ಇವನನ್ನ ಮೆಟ್ಟಿಲಿಂದ ಒದ್ದ, ಕಿವಿ ಹೋಯ್ತು. ನಾನು ಅಲ್ಲೇ ಇದ್ದೆ. ನಗ್ತಾ ಇದ್ದೆ."

ಜನ ಗುಜುಗುಜು ಅಂದರು. ಜೊಂಬೋರನ ಅಪ್ಪ "ಯಾರ ಮೇಲೆ ಹೇಳ್ತಿದ್ದೀಯಾ?" ಅಂತ ಮುಂದೆ ಬಂದ. ಅವನನ್ನು ಪಕ್ಕಕ್ಕೆ ತಳ್ಳಿಕೊಂಡು ಒಬ್ಬಳು ಮುದುಕಿ ಬಂದಳು. ವೆಂಡೆಲನ ಅಜ್ಜಿ. ತಾಯಿ ಇಲ್ಲದ ಅವನನ್ನು ಸಾಕಿದವಳು ಅವಳೇ. ಕರೆದರೆ ತಿರುಗುವುದಿಲ್ಲ, ಸೊಕ್ಕು ಬಂದಿದೆ ಅಂತ ಎರಡು ವರ್ಷದಿಂದ ಮೊಮ್ಮಗನಿಗೆ ಎಷ್ಟು ಬೈದಿದ್ದಳೋ ಅವಳಿಗೇ ಗೊತ್ತು. ಅವನ ಕಿವಿ ಮುಟ್ಟಿ ನೋಡಿದಳು. ಆಮೇಲೆ ಸಾಲಿನ ಕಡೆ ತಿರುಗಿದಳು.

"ಇನ್ನೂ ಯಾರ್ಯಾರು ನೋಡಿದ್ರಿ?"

ಯಾರೂ ಮಿಸುಕಲಿಲ್ಲ.

"ಕೇಳ್ಸಲ್ವಾ? ನಿಮ್ಗೂ ಕಿವಿ ಹೋಯ್ತಾ?"

"ನಾನು ನೋಡ್ದೆ ಅಜ್ಜಿ" ಅಂದ ಬೊಟೊಂಡ್. "ನಾನೂ" ಅಂತ ಹಿಂದಿನಿಂದ ಒಬ್ಬಳು. ಆಮೇಲೆ ಇನ್ನೊಬ್ಬ, ಮತ್ತೊಬ್ಬಳು. ಕೈಗಳು ಒಂದೊಂದಾಗಿ ಹೆಗಲುಗಳಿಂದ ಇಳಿಯುತ್ತಾ ಬಂದವು.

ಒಬ್ಬರು ಸಾಕು ಅಂದುಕೊಂಡಿದ್ದ ವೆಂಡೆಲ್. ಈಗ ಎಲ್ಲರೂ ಹೇಳುತ್ತಿದ್ದರು. ಇಷ್ಟು ಜನ! ಇಷ್ಟು ಜನ ನೋಡುತ್ತಾ ನಿಂತಿದ್ದರಲ್ಲ, ಒಬ್ಬನೇ ಒಬ್ಬ ಅವತ್ತು ಕೈ ಚಾಚಿದ್ದರೆ ಸಾಕಿತ್ತಲ್ಲ. ಒಂದೊಂದು "ನಾನೂ" ಬಂದು ಅವನ ಮೈಗೆ ಹೊಸದಾಗಿ ಬಡಿಯಿತು. ಸಾಕು, ನಿಲ್ಲಿಸಿ ಅನ್ನಬೇಕೆಂದುಕೊಂಡ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಅವರ ಮುಂದೆ ಅಳದಿದ್ದ ಹುಡುಗ ಅಂಗಳದ ನಡುವೆ ಕುಕ್ಕರಿಸಿ ಕೂತು ಜೋರಾಗಿ ಅತ್ತ.