ಕಲ್ಲಿನ ಮೇಲೆ ಅಲುಗಿದ ಕತ್ತಿ

ನನಗೆ ಸಂಶಯ ಜಾಸ್ತಿ ಎಂದು ನಮ್ಮ ಮನೆಯವರು ಮದುವೆಯಾದ ದಿನದಿಂದ ಹೇಳುತ್ತಲೇ ಬಂದಿದ್ದಾರೆ. ಇರಲಿ. ಹಾಲಿನವನು ನಗುತ್ತ ಬಂದರೆ ಇವತ್ತು ನೀರು ಎಷ್ಟು ಬೆರೆಸಿದ್ದಾನೆ ಎಂದು ಮೊದಲು ನೋಡುವವಳು ನಾನು. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವುದಕ್ಕೆ ಮನೆಯಲ್ಲಿ ಅವರೊಬ್ಬರಿದ್ದಾರೆ, ಸಾಕು.

ಆದರೆ ಆ ಕತ್ತಿಯ ವಿಷಯದಲ್ಲಿ ಸಂಶಯ ಹುಟ್ಟಿಸಿದ್ದು ನಾನಲ್ಲ, ಕಲ್ಲು. ನಾವು ಹಡಪದರು. ನನ್ನ ಅಪ್ಪ ಹರ್ತಿಯಲ್ಲಿ ಬೇವಿನ ಮರದ ಕೆಳಗೆ ಕೂತು ಊರಿಗೆಲ್ಲ ಕ್ಷೌರ ಮಾಡಿದವನು. ಅವನ ಮಸೆಗಲ್ಲು ನನ್ನ ಹತ್ತಿರ ಇದೆ. ಗಂಡನ ಕತ್ತಿ ಕತ್ತರಿಗಳನ್ನು ಮನೆಯಲ್ಲಿ ಮಸೆಯುವವಳು ನಾನೇ. ಈ ಹೊಸ ಕತ್ತಿಯನ್ನು ಕಲ್ಲಿನ ಮೇಲೆ ಮಲಗಿಸಿ ಬೆರಳಿಟ್ಟರೆ ಟಕ್ ಎಂದು ಅಲುಗಿತು. ಮಗ್ಗುಲು ಬದಲಿಸಿದೆ. ಅಲುಗಲಿಲ್ಲ, ಆದರೆ ಅಲಗಿನ ನಡುವೆ ಕೂದಲೆಳೆಯಷ್ಟು ಬೆಳಕು ಹಾಯುತ್ತಿತ್ತು. ಕತ್ತಿಯ ಬಾಯಿಗೆ ಕಾಡಿಗೆ ಹಚ್ಚಿ ಕಲ್ಲಿನ ಮೇಲೆ ಎಳೆದು ನೋಡಿದೆ. ಎರಡೂ ತುದಿಯ ಕಾಡಿಗೆ ಅಳಿಸಿ ಹೋಯಿತು, ನಡುವಿನದು ಹಾಗೇ ಉಳಿಯಿತು. ಉಕ್ಕು ಕಾಯಿಸುವಾಗಲೇ ಬಾಗಿದ ಅಲಗು ಅದು.

ಅದನ್ನು ಕೊಟ್ಟವರು ಕಳಕಪ್ಪ ಮಾವ, ನನ್ನ ಗಂಡ ಕನಕರಾಜನ ಕಾಕಾ. ಬೆಟಗೇರಿಯಲ್ಲಿ ಅವರದು ಹಳೆಯ ಅಂಗಡಿ. ನಮ್ಮ ಮನೆಯವರು ಮೀಸೆ ಮೂಡುವ ಮೊದಲೇ ಅಲ್ಲಿ ಸೇರಿ, ಕೆಲಸ ಕಲಿತು, ಅಲ್ಲೇ ಉಳಿದಿದ್ದರು. ಲಕ್ಷ್ಮೇಶ್ವರದಲ್ಲಿ ಸ್ವಂತ ಅಂಗಡಿ ತೆಗೆಯುತ್ತೇವೆ ಎಂದಾಗ ಮಾವ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ. "ಹೋಗು ತಮ್ಮಾ, ಛಲೋ ಆಗ್ಲಿ" ಎಂದು ಹುಬ್ಬಳ್ಳಿಗೆ ಹೋಗಿ ಹೊಸ ಕತ್ತಿ ತಂದುಕೊಟ್ಟರು. ದುಡಿಯುವ ಎತ್ತನ್ನು ಯಾರಾದರೂ ಇಷ್ಟು ಸುಲಭವಾಗಿ ಹಗ್ಗ ಬಿಚ್ಚಿ ಬಿಡುತ್ತಾರೆಯೇ?

ಈಗಿನ ಅಂಗಡಿಗಳಲ್ಲಿ ಬ್ಲೇಡ್ ಮುರಿದು ಹಾಕುವ ಕತ್ತಿಯೇ ನಡೆಯುವುದು. ಆದರೂ ನಮ್ಮ ಮನೆತನದಲ್ಲಿ ಹೊಸ ಅಂಗಡಿ ತೆಗೆಯುವವನಿಗೆ ಹಿರಿಯರು ಒಂದೇ ಉಕ್ಕಿನ ಇಡೀ ಕತ್ತಿ ಕೊಡಬೇಕು. ಕೊಟ್ಟವರೇ ಮೊದಲ ಕ್ಷೌರಕ್ಕೆ ಕೂಡಬೇಕು. ಕೊಟ್ಟ ಕತ್ತಿಗೆ ಕೊಟ್ಟವರ ಗಲ್ಲವೇ ಸಾಕ್ಷಿ ಎನ್ನುತ್ತಿದ್ದರು ನನ್ನ ಅತ್ತೆ.

"ನೋಡ್ರಿ ಇಲ್ಲೆ, ಕತ್ತಿ ಬಾಗೈತಿ" ಎಂದು ಗಂಡನಿಗೆ ತೋರಿಸಿದೆ.

"ಒಂದೀಟು ಬಾಗಿರಬೇಕು ಬಿಡು. ಹಿಡಿ ಕಡೆ ಬಾಯಿ ಛಲೋ ಐತಲ್ಲ, ಅದರಾಗ ಒಂದೆರಡು ಸಲ ಎಳದು ಶಾಸ್ತ್ರ ಮುಗಸ್ತೇನಿ. ಉಳಿದದ್ದು ಬ್ಲೇಡಿನ ಕತ್ತಿಲೆ ಮಾಡಿದ್ರಾತು."

"ಅಂದ್ರ, ಮಾವಾರಿಗೆ ಇದು ಗೊತ್ತಿರಲಿಲ್ಲಂತೀರಿ?"

"ಕಾಕಾ ಹೆಬ್ಬೆಟ್ಟು ಹಚ್ಚಿ ನೋಡೇ ತಂದಾನ. ಜಲಮಾ ಎಲ್ಲಾ ಕತ್ತಿ ಹಿಡದಾಂವ ಅಂವಾ."

ಅದೇ ನನ್ನ ಮಾತು! ಜನ್ಮವೆಲ್ಲ ಕತ್ತಿ ಹಿಡಿದವರಿಗೆ ಇದು ತಿಳಿಯಲಿಲ್ಲ ಎಂದರೆ ನಂಬುವವಳು ನಾನಲ್ಲ. ತಿಳಿದೇ ತಂದಿದ್ದಾರೆ. ಮೊದಲ ದಿನವೇ ಯಾರದೋ ಗಲ್ಲ ಕೊಯ್ದು, ಹೆಸರು ಕೆಟ್ಟು, ಅಣ್ಣನ ಮಗ ತಿರುಗಿ ಬೆಟಗೇರಿಗೆ ಬರಲಿ ಎಂದು ತಂದಿದ್ದಾರೆ. ಹಿಂದಿನದೆಲ್ಲ ಒಂದೊಂದಾಗಿ ನೆನಪಾಯಿತು. ಇತ್ತೀಚೆಗೆ ಅವರು ಕತ್ತಿ ಮುಟ್ಟುತ್ತಲೇ ಇರಲಿಲ್ಲ. ಬಂದವರನ್ನೆಲ್ಲ ನಮ್ಮವರ ಕುರ್ಚಿಗೆ ಕಳಿಸಿ, ತಾವು ಬಾಗಿಲಲ್ಲಿ ಪೇಪರ್ ಹಿಡಿದು ಕೂಡುತ್ತಿದ್ದರು. ನಮ್ಮ ಮನೆಗೆ ಬಂದಾಗ ಒಲೆಯಿಂದ ಇಳಿಸಿದ ಚಹಾದ ಸ್ಟೀಲ್ ಲೋಟವನ್ನು ಬರಿಗೈಯಲ್ಲಿ ಹಿಡಿದು ಆರಾಮವಾಗಿ ಮಾತಾಡುತ್ತಿದ್ದರು. ನಾನು ಸೆರಗಿನಿಂದ ಹಿಡಿಯುವ ಲೋಟ ಅದು! ಎಂಥ ದೊಡ್ಡಸ್ತಿಕೆ ಎಂದುಕೊಂಡಿದ್ದೆ.

ಕಲ್ಲಿನ ಕಿರಿದಾದ ಅಂಚಿನ ಮೇಲೆ, ಅಪ್ಪ ಕಲಿಸಿದಂತೆ, ಅಲಗನ್ನು ಓರೆಯಾಗಿ ಹೊರಳಿಸುತ್ತ ಮಸೆದು ನೋಡಿದೆ. ಬಾಗಿದ ಕತ್ತಿಗೆ ಅಗಲ ಕಲ್ಲು ಆಗುವುದಿಲ್ಲ. ಹಿಡಿಯ ಕಡೆಯ ಬಾಯಿ ಕೂದಲು ಸೀಳುವಷ್ಟು ಹರಿತವಾಯಿತು. ನಡುವಿನದು ಮಾತ್ರ ಮೊಂಡಾಗಿಯೇ ಉಳಿಯಿತು. ಅಲ್ಲಿ ಒತ್ತಿ ಎಳೆದರೆ ಚರ್ಮ ಕಿತ್ತು ಬರುವುದು ಖರೆ.

ಮಸೆಯುವುದನ್ನು ಬಿಟ್ಟು ಕತ್ತಿ ಮಡಿಚಿಟ್ಟೆ. ನಾಳೆ ಮಾವ ಏನಾದರೂ ನೆವ ಹೇಳಿ ಕುರ್ಚಿಯ ಮೇಲೆ ಕೂಡದಿದ್ದರೆ, ಕಳ್ಳ ಸಿಕ್ಕಂತೆ. ಬಂದ ಜನರ ಮುಂದೆಯೇ ಕೇಳುವುದು, ಮತ್ತೆ ಬೆಟಗೇರಿಯ ಹೊಸ್ತಿಲು ತುಳಿಯದಿರುವುದು ಎಂದು ನಿರ್ಧರಿಸಿಬಿಟ್ಟೆ. ತಂದೆಯ ಹಾಗೆ ಸಾಕಿದವರು ಎಂದು ಗಂಡ ಅತ್ತರೂ ಸರಿ.

ಮರುದಿನ ಅಂಗಡಿಗೆ ಮಾವಿನ ತೋರಣ ಕಟ್ಟಿದ್ದೆವು. ಮಾವ ಬಿಳಿಯ ಹೊಸ ಧೋತರ ಉಟ್ಟು, ಹೆಂಡತಿ ಮುದುಕವ್ವನ ಜೊತೆ ಬಸ್ಸಿಳಿದು ಬಂದರು. ನಾನು ಬಾಗಿಲಲ್ಲೇ ನಿಂತಿದ್ದೆ. ನೆವ ಯಾವುದು ಬರುತ್ತದೆ ನೋಡೋಣ ಎಂದು.

ಯಾವ ನೆವವೂ ಬರಲಿಲ್ಲ. ಮಾವ ನೇರವಾಗಿ ಹೋಗಿ ಕುರ್ಚಿಯಲ್ಲಿ ಕೂತರು.

"ಏ ಕನಕ್ಯಾ, ಆ ಬ್ಲೇಡಿಂದು ಅತ್ತಾಗ ಇಡು. ನಾ ಕೊಟ್ಟದ್ದರಾಗ ಪೂರ್ತಿ ಮಾಡು. ಗಲ್ಲ, ಗದ್ದ, ಕುತಿಗಿ, ಎಲ್ಲಾ."

ಬಾಗಿದ ಕತ್ತಿ ಎಂದು ಗೊತ್ತಿದ್ದವನು ಅದರ ಕೆಳಗೆ ಕುತ್ತಿಗೆ ಕೊಡುತ್ತಾನೆಯೇ?

"ತಾ ಇಲ್ಲೆ, ಒಮ್ಮಿ ನೋಡ್ತೇನಿ" ಎಂದು ಮಾವ ಕತ್ತಿ ಇಸಿದುಕೊಂಡರು. ಹಿಡಿಯ ಕಡೆಯ ಬಾಯಿಗೆ ಹೆಬ್ಬೆರಳು ಹಚ್ಚಿ ಮೆಲ್ಲಗೆ ಎಳೆದರು. "ಆಹಾ! ಕೂದಲೆಳಿ ಹಂಗ ಐತಿ!"

ಅವರ ಹೆಬ್ಬೆರಳು ಸೀಳಿತ್ತು. ರಕ್ತ ಮಣಿಕಟ್ಟಿಗೆ ಇಳಿದು ಬಿಳಿಯ ಧೋತರದ ಮೇಲೆ ತೊಟ್ಟಿಕ್ಕುತ್ತಿತ್ತು. ಮಾವ ಕನ್ನಡಿಯಲ್ಲಿ ನಮ್ಮನ್ನೆಲ್ಲ ನೋಡುತ್ತ ನಗುತ್ತಲೇ ಇದ್ದರು. ಅವರಿಗೆ ಗೊತ್ತೇ ಆಗಿರಲಿಲ್ಲ.

ಮುದುಕವ್ವ ಕೈ ಹಿಡಿಯುವ ನೆಪದಲ್ಲಿ ಕೈಯಲ್ಲಿದ್ದ ಅರಿವೆಯನ್ನು ಆ ಬೆರಳಿಗೆ ಸುತ್ತಿದಳು. ನಾನು ನೋಡಿದ್ದನ್ನು ಅವಳು ನೋಡಿದಳು. ನನ್ನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಿದಳು.

"ಸಕ್ಕರಿ ಬ್ಯಾನಿ, ವಿದ್ಯಾ. ಬೆರಳಿಗೆ ಬಿಸಿ ತಣ್ಣಂದು ಏನೂ ತಿಳಿಯಂಗಿಲ್ಲ. ಗೊತ್ತಾದ್ರ ಕನಕರಾಜ ತನ್ನ ಅಂಗಡಿ ಬಿಟ್ಟು ಅಲ್ಲೇ ಕುಂಡ್ರತಾನ, ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕ್ಯಾರ."

ಬಾಗಿಲಲ್ಲಿ ಪೇಪರ್ ಹಿಡಿದು ಕೂತದ್ದು, ಸುಡುವ ಲೋಟ, ಹೆಬ್ಬೆಟ್ಟಿಗೆ ತಿಳಿಯದೆ ಹೋದ ಕತ್ತಿಯ ಬಾಗು, ಸುಲಭವಾಗಿ ಬಿಟ್ಟುಕೊಟ್ಟದ್ದು, ಎಲ್ಲವೂ ನನ್ನ ಮುಂದೆ ಬಂದು ನಿಂತಿತು. ನಾಚಿಕೆಯಾಯಿತು, ಅಳು ಬಂತು. ಅಷ್ಟರಲ್ಲಿ, ಅತ್ತ ತಿರುಗಿ ಸಾಬೂನಿನ ನೊರೆ ಕಲಸುತ್ತ ಇದನ್ನೇನೂ ನೋಡದಿದ್ದ ನಮ್ಮವರು ಅದನ್ನು ಹಚ್ಚಿ ಅದೇ ಕತ್ತಿ ಎತ್ತಿದರು.

"ತಡೀರಿ!" ಎಂದು ಕೂಗಿದೆ. "ಮಾವಾರ, ತಪ್ಪಾತ್ರಿ. ನಿನ್ನಿ ಮಸಿಯಾಗ ಕೈ ಜಾರಿ ಕೆಡವಿದೆ. ಕತ್ತಿ ಬಾಗೈತಿ."

ನಮ್ಮವರು ಬಾಯಿ ತೆರೆದು ನನ್ನನ್ನೇ ನೋಡಿದರು. ಮಾವ ಕೈಸನ್ನೆ ಮಾಡಿ ನನ್ನನ್ನು ಹತ್ತಿರ ಕರೆದರು.

"ಎಲ್ಲೆ ಕೆಡವಿದಿ?"

"ಬಚ್ಚಲದಾಗ್ರಿ. ಕಲ್ಲಿನ ಮ್ಯಾಲೆ."

ಅವರು ನನಗಷ್ಟೇ ಕೇಳಿಸುವ ಹಾಗೆ ಹೇಳಿದರು: "ಕಲ್ಲಿಗೆ ಬಿದ್ದ ಕತ್ತಿ ಮುರೀತೈತಿ, ಇಲ್ಲಾ ಚೂರು ಹಾರತೈತಿ. ಬಾಗಂಗಿಲ್ಲವಾ."

ಮಾವ ಅರಿವೆ ಸುತ್ತಿದ ತಮ್ಮ ಹೆಬ್ಬೆರಳನ್ನು ನೋಡಿದರು. ಧೋತರದ ಕಲೆ ನೋಡಿದರು.

ಆಮೇಲೆ ಇಡೀ ಅಂಗಡಿಗೆ ಕೇಳಿಸುವಂತೆ ಬೈದರು. "ನೋಡೋ ಕನಕ್ಯಾ, ಬಂಗಾರದಂಥ ಕತ್ತಿ ಕೆಡಸ್ಯಾಳ ನಿನ್ನ ಹೇಂತಿ! ಕೈಯಾಗ ಬೆಣ್ಣಿ ಹಚಗೊಂಡಿದ್ದೇನವಾ?" ಬಂದವರೆಲ್ಲ ನಕ್ಕರು. ನಾನೂ ಸೆರಗಿನಿಂದ ಕಣ್ಣೊರೆಸುತ್ತ ನಕ್ಕೆ. ಬೈಗುಳ ಅಷ್ಟು ಹಿತವಾಗಿ ಎಂದೂ ಕೇಳಿರಲಿಲ್ಲ.

ಮಾವ ಅಂಗಿಯ ಜೇಬಿನಿಂದ ಒಂದು ಅರಿವೆಯ ಗಂಟು ತೆಗೆದು ಗಂಡನ ಕೈಗಿಟ್ಟರು. ಜನ್ಮವೆಲ್ಲ ಅವರು ಹಿಡಿದು, ಹಿಡಿ ಸವೆದುಹೋದ ಅವರ ಸ್ವಂತ ಕತ್ತಿ.

"ಇದರಾಗ ಮಾಡು. ಇಲ್ಲೇ ಇಟಗೊ."

"ಮತ್ತ ನಿನಗ, ಕಾಕಾ?"

"ನನಗ್ಯಾಕೋ ಇನ್ನ" ಎಂದು ಮಾವ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು.

ಮಾವ ಏನೋ ಮುಚ್ಚಿಡುತ್ತಿದ್ದಾರೆ ಎಂಬ ನನ್ನ ಸಂಶಯ ಖರೆಯಾಗಿತ್ತು. ಸುಳ್ಳಾಗಬಾರದಿತ್ತೇ ಎಂದು ನನಗೆ ಅನಿಸಿದ್ದು ಅದೇ ಮೊದಲು.