ಟ್ಯೂಬಾದ ಬಾಯಿಗೆ ಬಿದ್ದ ಚೀಟಿಗಳು

ಹೇಳಿಬಿಟ್ಟರೆ ಏನಾದೀತು? ಒಂದು ಸಂಖ್ಯೆ, ಅಷ್ಟೇ. ಹನ್ನೆರಡು ವರ್ಷಗಳಿಂದ ಹೊತ್ತ ಕೆಟ್ಟ ಹೆಸರು ಇವತ್ತೇ ತೊಳೆದುಹೋಗುತ್ತದೆ. ಆದರೆ ತೊಳೆದ ನೀರು ಹರಿಯುವುದು ಯಾರ ಮನೆಯ ಕಡೆಗೆ? ಎಗ್ಬರ್ಟ್ ಹಾರ್ನಿಷ್ ಕ್ಲಾರಿನೆಟ್ಟಿನ ರೀಡನ್ನು, ಊದಿದರೆ ನಾದ ಹುಟ್ಟಿಸುವ ಆ ತೆಳು ಪಟ್ಟಿಯನ್ನು, ಬಾಯಲ್ಲಿಟ್ಟು ನೆನೆಸುತ್ತಾ ಕುಳಿತಿದ್ದ. ರೀಡು ಬಾಯಲ್ಲಿರುವಷ್ಟು ಹೊತ್ತು ಉತ್ತರ ಕೊಡಬೇಕಾಗಿಲ್ಲ.

ಎದುರಿಗೆ ಯೂಟಾ ಮಾರ್ಕ್‌ವಾರ್ಟ್ ಕಾಯುತ್ತಿದ್ದಳು. ಮಾರೆನ್‌ಸ್ಟೆಟ್ ಆಪೆರಾದ ವಾದ್ಯವೃಂದಕ್ಕೆ ಇನ್ನೂರು ವರ್ಷ ತುಂಬುವುದರಿಂದ ಅದರ ಚರಿತ್ರೆ ಬರೆಯಲು ನೇಮಕವಾದವಳು. ಕ್ಯಾಂಟೀನಿನ ಮೇಜಿನ ಮೇಲೆ ಇಬ್ಬರ ಆಲೂಗಡ್ಡೆ ಸೂಪೂ ತಣ್ಣಗಾಗಿತ್ತು. ಮೂರು ಗಂಟೆಗೆ ಆಟ. ಎಗ್ಬರ್ಟನಿಗೆ ಅದೇ ಕೊನೆಯದು, ನಾಳೆಯಿಂದ ನಿವೃತ್ತಿ.

"ಹಾರ್ನಿಷ್ ಅವ್ರೇ, ಇದೊಂದು ಅಧ್ಯಾಯ ಬಿಟ್ರೆ ಪುಸ್ತಕ ಮುಗ್ದ ಹಾಗೇ. ಹನ್ನೆರಡು ವರ್ಷದ ಹಿಂದೆ ವಾದಕರ ಕುರ್ಚಿ ಕಡಿಮೆ ಮಾಡಿದ್ರಲ್ಲ, ಆ ಮತದಾನ. ಯಾರನ್ನ ಕೇಳಿದ್ರೂ 'ನಾನಂತೂ ಬೇಡ ಅಂತ್ಲೇ ಬರ್ದಿದ್ದೆ' ಅಂತಾರೆ. ಎಲ್ರೂ ಬೇಡ ಅಂದಿದ್ರೆ ಅದು ಪಾಸಾಗಿದ್ದು ಹೇಗೆ?"

"ಹೇಗೆ ಅಂತಾರೆ ಅವ್ರು?"

ಯೂಟಾ ತನ್ನ ಟಿಪ್ಪಣಿ ನೋಡಿಕೊಂಡಳು. "ವೃಂದದ ಅಧ್ಯಕ್ಷರೂ ನೀವೇ, ಎಣಿಸಿದವ್ರೂ ನೀವೇ, ನಗರಸಭೆಯವ್ರ ಜೊತೆ ಕೂತು ಊಟ ಮಾಡಿದವ್ರೂ ನೀವೇ ಅಂತಾರೆ. ಹಾಗೇ ಬರೀಲಾ?"

ಅವನು ಸೂಪನ್ನು ಕಲಕಿದ.

ಎಣಿಸಿದವನು ಅವನೊಬ್ಬನೇ ಅಲ್ಲ. ಅಧ್ಯಕ್ಷನೂ ವೃಂದದ ಹಿರಿಯನೂ ಸೇರಿ ಎಣಿಸುವುದು ಮೊದಲಿನಿಂದ ಬಂದ ಪದ್ಧತಿ. ಹೊಸಬನೊಬ್ಬ ಒಂದು ವರ್ಷ ನುಡಿಸಿದ ಮೇಲೆ ಅವನನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂದು ಎಲ್ಲರೂ ಚೀಟಿ ಬರೆದು, ಯಾರೂ ನುಡಿಸದ ಒಂದು ನೆಗ್ಗಿದ ಟ್ಯೂಬಾದ ಅಗಲ ಬಾಯಿಗೆ ಹಾಕುತ್ತಿದ್ದರು. ಹಿತ್ತಾಳೆಯ ಆ ವಾದ್ಯವನ್ನು ಬೋರಲು ಹಾಕಿ, ಚೀಟಿ ಎಣಿಸಿ, ಒಲೆಗೆ ಹಾಕಿ, ಹೊರಗೆ ಬಂದು ಹೇಳಬೇಕಾದದ್ದು ಒಂದೇ ಮಾತು: ವೃಂದ ಒಪ್ಪಿತು, ಇಲ್ಲವೇ ಒಪ್ಪಲಿಲ್ಲ. ಎಷ್ಟು ಜನ ಎಂದು ಹೇಳುವಂತಿಲ್ಲ. ತನ್ನನ್ನು ಬೇಡವೆಂದವರು ಎಷ್ಟು ಮಂದಿ ಎಂದು ಗೊತ್ತಾದವನು ಅವರ ಪಕ್ಕ ಕುಳಿತು, ಅವರ ಉಸಿರಿಗೆ ಉಸಿರು ಸೇರಿಸಿ ನುಡಿಸುವುದು ಹೇಗೆ?

ಆ ವರ್ಷ ಅದೇ ಟ್ಯೂಬಾಕ್ಕೆ ಬೇರೆ ಪ್ರಶ್ನೆ ಬಿತ್ತು. ಮೂರರಲ್ಲಿ ಒಂದು ಕುರ್ಚಿ, ಅಂದರೆ ಮೂವರಲ್ಲಿ ಒಬ್ಬ ವಾದಕನ ಕೆಲಸ, ತೆಗೆಯಲು ಒಪ್ಪಿ, ಇಲ್ಲವೇ ಆಪೆರಾಕ್ಕೆ ಬೀಗ ಹಾಕುತ್ತೇವೆ ಎಂದು ನಗರಸಭೆ ಹೇಳಿತ್ತು. ಯಾರ ಕುರ್ಚಿ ಎಂಬುದು ಆಮೇಲೆ ತೀರ್ಮಾನವಾಗುವ ಮಾತು. ಹೋಗುವುದು ಪಕ್ಕದವನದು ಎಂದು ಪ್ರತಿಯೊಬ್ಬನೂ ಅಂದುಕೊಂಡಿರಬೇಕು. ಚೀಟಿಗಳನ್ನು ಬಿಡಿಸುತ್ತಾ ಹೋದಂತೆ ಹಿರಿಯ ಓಸ್ವಿನ್ ಗ್ರೇಫನ ಕೈ ನಿಧಾನವಾಗಿತ್ತು. "ಒಲೆಗೆ ಹಾಕಪ್ಪಾ," ಎಂದಿದ್ದ ಕೊನೆಗೆ. "ನಾಳೆ ಇವ್ರ ಜೊತೇನೇ ನುಡಿಸ್ಬೇಕಲ್ಲ." ಓಸ್ವಿನ್ ಈಗ ಇಲ್ಲ.

"ಏನು ಅಧ್ಯಕ್ಷ್ರೇ, ಚರಿತ್ರೆಗೆ ಪೋಸು ಕೊಡ್ತಿದ್ದೀರಾ?"

ಫೋಲ್ಕರ್ ಟಾಲ್ಹೈಮ್ ಕಾಫಿ ಲೋಟ ಹಿಡಿದು ನಿಂತಿದ್ದ. ಹತ್ತೊಂಬತ್ತು ವರ್ಷ ಎಗ್ಬರ್ಟನ ಪಕ್ಕದಲ್ಲಿ ಎರಡನೇ ಕ್ಲಾರಿನೆಟ್ ನುಡಿಸಿದವನು, ಕುರ್ಚಿ ಕಳೆದುಕೊಂಡವರಲ್ಲಿ ಮೊದಲಿಗ. ಈಗ ಪಕ್ಕದ ಊರಿನ ಮಕ್ಕಳ ಸಂಗೀತಶಾಲೆಯಲ್ಲಿ ಪಾಠ ಹೇಳುತ್ತಿದ್ದ. ಎರಡನೇ ಕ್ಲಾರಿನೆಟ್ಟಿನ ಹುಡುಗಿಗೆ ಜ್ವರವೆಂದು ಇವತ್ತೊಂದು ದಿನಕ್ಕೆ ಅವನನ್ನು ಕರೆಸಿದ್ದರು.

"ಬಾರಯ್ಯಾ, ಕೂತ್ಕೋ," ಎಂದ ಎಗ್ಬರ್ಟ್.

"ಕುರ್ಚಿ ನಿಂದೇ ತಾನೇ? ಆಮೇಲೆ ಎಬ್ಬಿಸ್ಬೇಡ ಮತ್ತೆ." ಪಕ್ಕದ ಮೇಜಿನವರು ನಕ್ಕರು.

ಯೂಟಾ ಅವನತ್ತ ತಿರುಗಿದಳು. "ನೀವೇನು ಬರ್ದಿದ್ರಿ, ಟಾಲ್ಹೈಮ್ ಅವ್ರೇ?"

"ಬೇಡ ಅಂತ. ಇಷ್ಟ್ ದೊಡ್ಡ ಅಕ್ಷರದಲ್ಲಿ. ಒತ್ತಿ ಬರೆದಿದ್ದಕ್ಕೆ ಪೆನ್ಸಿಲ್ ಮೊನೆ ಮುರಿದೇ ಹೋಯ್ತು. ಬೇಕಾದ್ರೆ ಇವನನ್ನೇ ಕೇಳಮ್ಮಾ, ನೋಡಿರ್ತಾನೆ."

ಫೋಲ್ಕರನ ಕಣ್ಣಲ್ಲಿ ಅಳುಕಿರಲಿಲ್ಲ. ಸುಳ್ಳೆಂದು ಅವನಿಗೇ ಈಗ ನೆನಪಿಲ್ಲವೇನೋ. ಆ ಪೆನ್ಸಿಲ್ಲಿನ ಮೊನೆಯ ಮೇಲೆಯೇ ಹನ್ನೆರಡು ವರ್ಷ ನಿಂತು ಬದುಕಿದ್ದಾನೆ.

ಯೂಟಾ ಎಗ್ಬರ್ಟನ ಮುಖ ನೋಡಿದಳು. "ನೋಡಿದ್ರಾ?"

"ವೃಂದ ಒಪ್ಪಿತು ಅಂತ ಬರ್ಕೊಳ್ಳಿ."

"ಅಷ್ಟೇನಾ? ಎಷ್ಟು ಜನ?"

"ಅಷ್ಟೇ."

"ನೋಡಮ್ಮಾ," ಎಂದ ಫೋಲ್ಕರ್, ಕಾಫಿ ಮುಗಿಸಿ, "ಬಾಯಿ ಬಿಟ್ರೆ ತಾನೇ ಸಿಕ್ಕಿಬೀಳೋದು."

ರಂಗದ ಕೆಳಗೆ ವಾದಕರು ಕೂರುವ ಗುಂಡಿಯಲ್ಲಿ ಇಬ್ಬರೂ ಹಳೆಯ ಜಾಗದಲ್ಲೇ ಕುಳಿತರು. ಮೂರನೇ ಅಂಕದಲ್ಲಿ ಎರಡು ಕ್ಲಾರಿನೆಟ್‌ಗಳಷ್ಟೇ ಉಳಿದು, ಮೆಲ್ಲಗೆ ಒಟ್ಟಿಗೇ ಹೊರಡಬೇಕಾದ ಒಂದು ಸ್ವರವಿದೆ. ವೃಂದವನ್ನು ನಡೆಸುವ ನಾಯಕನ ಕೋಲು ಅಲ್ಲಿ ಉಪಯೋಗಕ್ಕೆ ಬಾರದು. ಪಕ್ಕದವನ ಉಸಿರು ಕೇಳಿಸಿಕೊಳ್ಳಬೇಕು. ಫೋಲ್ಕರ್ ಅವನ ಕಡೆ ನೋಡಲೂ ಇಲ್ಲ. ಆದರೂ ಇಬ್ಬರ ಉಸಿರೂ ಒಂದಾಗಿಯೇ ಒಳಗೆ ಹೋಯಿತು, ಸ್ವರ ಒಂದಾಗಿಯೇ ಹುಟ್ಟಿತು. ಎಗ್ಬರ್ಟನನ್ನು ಅದು ಯಾವ ಬೈಗುಳಕ್ಕಿಂತಲೂ ಹೆಚ್ಚು ನೋಯಿಸಿತು.

ಪರದೆ ಇಳಿದ ಮೇಲೆ ನಾಯಕ ಕೈಮಾಡಿ ಅವನನ್ನು ಎಬ್ಬಿಸಿ ನಿಲ್ಲಿಸಿದ. ಗುಂಡಿಯಲ್ಲಿ ಎಲ್ಲರ ಕೈಯಲ್ಲೂ ವಾದ್ಯ. ಅಲ್ಲಿ ಮೆಚ್ಚುಗೆಯೆಂದರೆ ಬೂಟುಗಾಲನ್ನು ಮರದ ನೆಲಕ್ಕೆ ಉಜ್ಜುವುದು. ಹಿಂದೆ ಓಸ್ವಿನ್ ನಿವೃತ್ತನಾದಾಗ ನೆಲವೇ ನಡುಗಿತ್ತು. ಈಗ ಎಲ್ಲೋ ಪಿಟೀಲಿನವರ ಕಡೆ ಒಂದೆರಡು ಜೊತೆ ಕಾಲು ಉಜ್ಜಿದವು, ಮರ್ಯಾದೆಗೆ, ಆಮೇಲೆ ನಿಂತವು. ಎಗ್ಬರ್ಟ್ ಕೆಳಗೆ ನೋಡಿದ. ಅವನ ಬೂಟಿನ ಪಕ್ಕದಲ್ಲೇ ಫೋಲ್ಕರನ ಬೂಟುಗಳಿದ್ದವು. ಚೆನ್ನಾಗಿ ಪಾಲಿಶ್ ಮಾಡಿದ್ದ. ಅವು ಅಲುಗಲಿಲ್ಲ.

ಬಾಗಿ ಕಿವಿಯಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಫೋಲ್ಕರ್ ಕ್ಲಾರಿನೆಟ್ಟನ್ನು ಬಿಚ್ಚಿ, ಒರೆಸಿ, ಪೆಟ್ಟಿಗೆಗೆ ಹಾಕಿಕೊಂಡ. "ಬರ್ತೀನಪ್ಪಾ ಎಗ್ಬರ್ಟ್. ನಿಂಗೇನು, ಪಿಂಚಣಿ ಪೂರ್ತಿ ಬರುತ್ತಲ್ಲ?"

"ಬರುತ್ತೆ."

ಅವನು ಮೆಟ್ಟಿಲು ಹತ್ತಿ ಹೋದ. ಆ ದಿನ ಟ್ಯೂಬಾದಿಂದ ಬಿದ್ದ ಚೀಟಿಗಳಲ್ಲಿ 'ಬೇಡ' ಎಂದಿದ್ದದ್ದು ಒಂದೇ ಒಂದು, ಅದು ತನ್ನದು ಎಂಬುದನ್ನು ಎಗ್ಬರ್ಟ್ ಯಾರಿಗೂ ಹೇಳಲಿಲ್ಲ.