ನೆರಿಯದ ಮರುವಾಯಿಯಲ್ಲಿ ಸೀಸ

ಮೂಡುಬಿದಿರೆಯ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಿದ್ದ ವಿಜೇತಾ ಮರುವಾಯಿ ಎಂಬ ಚಿಪ್ಪುಜೀವಿಗಳನ್ನು ಬುಟ್ಟಿಗೆ ತುಂಬಿ ಹೊಳೆಗೆ ಇಳಿಸುತ್ತಾಳೆಂದು ತಿಳಿದಾಗ ಅವಳ ದೊಡ್ಡಮ್ಮ, "ಸುಕ್ಕ ಮಾಡಿ ತಿನ್ನುವುದನ್ನು ವಾಪಸ್ ನೀರಿಗೆ ಬಿಡ್ಲಿಕ್ಕೆ ಡಾಕ್ಟರೇಟ್ ಕೊಡ್ತಾರಾ?" ಎಂದು ಕೇಳಿದ್ದರು.

ಮರುವಾಯಿ ದಿನವಿಡೀ ನೀರು ಎಳೆದು, ಸೋಸಿ, ಹೊರಗೆ ಬಿಡುತ್ತದೆ. ನೀರಿನಲ್ಲಿ ಸೀಸವೋ ಕ್ಯಾಡ್ಮಿಯಮ್ಮೋ ಇದ್ದರೆ ಅದರ ಮಾಂಸದಲ್ಲಿ ಸೇರಿಕೊಳ್ಳುತ್ತದೆ. ಎರಡು ತಿಂಗಳು ಬಿಟ್ಟು ಪರೀಕ್ಷಿಸಿದರೆ ಹೊಳೆಯ ಗುಟ್ಟು ಹೊರಬೀಳುತ್ತದೆ. ವಿಜೇತಾ ಪಾಣೆಮಂಗಳೂರಿನ ಸೇತುವೆಯ ಹತ್ತಿರ ಒಂದು ಬುಟ್ಟಿ ಇಳಿಸಿದಳು, ನರಿಕೊಂಬಿನಲ್ಲಿ ಇನ್ನೊಂದು. ಮೂರನೆಯದು ಕಾಡಂಚಿನ ನೆರಿಯದ ಹೊಳೆಯಲ್ಲಿ. ಅಲ್ಲಿನ ನೀರು ಶುದ್ಧ, ಉಳಿದೆರಡನ್ನು ಅದಕ್ಕೆ ಹೋಲಿಸಿ ನೋಡುವುದೆಂದು ಲೆಕ್ಕ.

ನೆರಿಯದ ಬುಟ್ಟಿಯನ್ನು ನೋಡಿಕೊಳ್ಳಲು, ಎರಡು ತಿಂಗಳಾದಾಗ ಮರುವಾಯಿಗಳನ್ನು ತೆಗೆದು ಕಳಿಸಲು ಶೀನಪ್ಪ ಒಪ್ಪಿದರು. ಅರುವತ್ತು ದಾಟಿದ ಅವರು ಆ ಹೊಳೆಯಲ್ಲೇ ಬೀಸುಬಲೆ ಹಾಕುವವರು. "ನೀವು ನಿಶ್ಚಿಂತೆಯಲ್ಲಿ ಹೋಗಿ. ನಿಮ್ಮ ಒಂದು ಮರುವಾಯಿ ಆಚೆ ಈಚೆ ಆಗ್ಲಿಕ್ಕೆ ಬಿಡುದಿಲ್ಲ ನಾನು" ಎಂದರು.

ಫಲಿತಾಂಶ ಬಂದ ದಿನ ವಿಜೇತಾಳ ಊಟ ಡಬ್ಬಿಯಲ್ಲೇ ಉಳಿಯಿತು. ಪಾಣೆಮಂಗಳೂರಿನಲ್ಲಿ ಸೀಸ ಸ್ವಲ್ಪ, ನರಿಕೊಂಬಿನಲ್ಲಿ ಅದಕ್ಕಿಂತ ಕಡಿಮೆ. ಶುದ್ಧವೆಂದು ನಂಬಿದ್ದ ನೆರಿಯದಲ್ಲಿ ಪಾಣೆಮಂಗಳೂರಿನ ಹನ್ನೆರಡು ಪಟ್ಟು! ಮತ್ತೆ ಎರಡು ಸಲ ಪರೀಕ್ಷಿಸಿದಳು. ಅದೇ ಉತ್ತರ.

ಅವಳ ಮಾರ್ಗದರ್ಶಕರಾದ ಅಬ್ದುಲ್ ಶುಕೂರ್ ಸರ್ ಎದ್ದು ನಿಂತರು. "ಕಾಡಿನೊಳಗೆ ಯಾರೋ ಹಳೆ ಬ್ಯಾಟರಿ ಕರಗಿಸ್ತಿದ್ದಾರೆ. ಕಳ್ಳ ಕಾರ್ಖಾನೆ! ಹೋಗುವ, ಈಗ್ಲೇ ಹೋಗುವ." ಹೊರಡುವ ಮೊದಲೇ ಸರಕಾರಕ್ಕೊಂದು ಪತ್ರ ಬರೆದು ಜೇಬಿಗೆ ಹಾಕಿಕೊಂಡರು.

ಹೊಳೆಯ ಬದಿಯಲ್ಲಿ ಇಬ್ಬರೂ ಎರಡು ಗಂಟೆ ಮೇಲಕ್ಕೆ ನಡೆದರು. ಕಾರ್ಖಾನೆ ಸಿಗಲಿಲ್ಲ. ಸರ್ ಅವರ ಕಾಲಿಗೆ ಏಳು ಉಂಬಳ ಹತ್ತಿ ರಕ್ತ ಹೀರಿದವು, ಒಂದು ಚಪ್ಪಲಿ ಹೊಳೆಪಾಲಾಯಿತು. ಕುಂಟುತ್ತ ಶೀನಪ್ಪನವರ ಮನೆಗೆ ಬಂದರೆ, ಅವರ ಹೆಂಡತಿ ನೀಲಾವತಿ ಬೆಲ್ಲ, ನೀರು ಕೊಟ್ಟು ಕೂರಿಸಿದರು.

"ಬುಟ್ಟಿ ನೋಡ್ಬಹುದಾ?" ವಿಜೇತಾ ಕೇಳಿದಳು. ಶೀನಪ್ಪ ತುಂಬಿಸಿದ್ದ ಎರಡನೇ ಕಂತಿನ ಮರುವಾಯಿಗಳು ಅದರಲ್ಲಿದ್ದವು.

ಶೀನಪ್ಪ ಉತ್ಸಾಹದಿಂದ ನೀರಿಗಿಳಿದರು. ಎಳೆದರು, ಬುಟ್ಟಿ ಮೇಲೇಳಲಿಲ್ಲ. ಸರ್ ಕೂಡ ಕೈಹಾಕಬೇಕಾಯಿತು. ಮೇಲೆ ಬಂದ ಬುಟ್ಟಿಯ ಸುತ್ತ, ತಳದಲ್ಲಿ, ಮರುವಾಯಿಗಳ ನಡುನಡುವೆಯೂ ಬೂದುಬಣ್ಣದ ಗುಂಡುಗಳು.

"ಇದು ಏನು ಶೀನಪ್ಪಣ್ಣ?"

"ಬಲೆಯ ಗುಂಡು. ಸೀಸದ್ದು. ಬೊಳ್ಳ ಬಂದು ಹೊಳೆ ಉಕ್ಕಿದ್ರೆ ನಿಮ್ಮ ಬುಟ್ಟಿ ಉಳಿಯುದುಂಟಾ? ನನ್ನ ಹಳೆ ಬಲೆಯದ್ದು ಅಷ್ಟನ್ನೂ ಬಿಚ್ಚಿ ಹಾಕಿದ್ದೇನೆ. ಮೊದಲ ದಿನವೇ!"

ವಿಜೇತಾ ಕಲ್ಲಿನ ಮೇಲೆ ಕುಳಿತುಬಿಟ್ಟಳು. ಅಳಬೇಕೆಂದುಕೊಂಡಳು, ಆದರೆ ನಗು ಬಂತು. ಸರ್ ಜೇಬಿನಿಂದ ಪತ್ರ ತೆಗೆದು ನಾಲ್ಕಾಗಿ ಹರಿದರು. "ಒಂದಂತೂ ಗೊತ್ತಾಯ್ತು. ಮರುವಾಯಿ ಸುಳ್ಳು ಹೇಳುದಿಲ್ಲ" ಎಂದರು.

ಆದದ್ದೇನೆಂದು ಅವಳು ನಿಧಾನಕ್ಕೆ ವಿವರಿಸಿದಳು. ಶೀನಪ್ಪನವರ ಮುಖ ಸಣ್ಣದಾಯಿತು. "ನೀರಲ್ಲಿ ಬರೀ ಹತ್ತಿರ ಇದ್ದದ್ದಕ್ಕೇ ಅಷ್ಟು ಸೀಸ ಒಳಗೆ ಹೋಯ್ತಾ?"

"ಹೌದು. ಯಾಕೆ?"

ಉತ್ತರಿಸಿದ್ದು ನೀಲಾವತಿ. "ಯಾಕೆ ಅಂದ್ರೆ, ಇವರು ಆ ಗುಂಡನ್ನು ಬಲೆಗೆ ಕೂರಿಸುದು ಹಲ್ಲಲ್ಲಿ ಕಚ್ಚಿ. ನಲ್ವತ್ತು ವರ್ಷ ಆಯ್ತು. ಒಂದು ಹಿಡಿ ಬಾಯಲ್ಲೇ ಇಟ್ಕೊಂಡು, ಒಂದೊಂದಾಗಿ."

ಯಾರಿಗೂ ನಗು ಬರಲಿಲ್ಲ. ಮರುದಿನ ವಿಜೇತಾಳೇ ಅವರನ್ನು ಬೆಳ್ತಂಗಡಿಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದಳು. ರಿಪೋರ್ಟ್ ಬಂದಾಗ ಶೀನಪ್ಪ ಡಾಕ್ಟರಲ್ಲಿ ಮೊದಲು ಕೇಳಿದ್ದು, "ಮರುವಾಯಿಗಿಂತ ಜಾಸ್ತಿ ಉಂಟಾ?"

ಸೀಸ ಇರಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಮದ್ದು ಬೇಡ, ಕಚ್ಚುವುದನ್ನು ಬಿಟ್ಟು ಮೂರು ತಿಂಗಳು ಬಿಟ್ಟು ಬನ್ನಿ ಎಂದರು ಡಾಕ್ಟರ್. ಶೀನಪ್ಪ ಬಸ್ಸು ಹತ್ತುವ ಮೊದಲೇ ಅಂಗಡಿಗೆ ಹೋಗಿ ಇಕ್ಕುಳ ತಂದರು. ಮೂರು ತಿಂಗಳ ನಂತರ ಸೀಸ ಇಳಿದಿತ್ತು. ವಿಜೇತಾ ನೆರಿಯದಲ್ಲಿ ಮೊದಲಿನಿಂದ ಶುರುಮಾಡಿದಳು, ಈ ಸಲ ಬುಟ್ಟಿಯನ್ನು ಮರದ ಬೇರಿಗೆ ಹಗ್ಗದಲ್ಲಿ ಕಟ್ಟಿ.

ನೀಲಾವತಿಗೆ ಮಾತ್ರ ಸಮಾಧಾನವಿಲ್ಲ. "ಬಾಯಿಗೆ ಹಾಕ್ಬೇಡಿ ಅಂತ ಮದುವೆಯಾದಾಗಿನಿಂದ ಹೇಳ್ತಾ ಬಂದೆ, ಕೇಳ್ಳಿಲ್ಲ ಮಾರಾಯ್ತಿ" ಎಂದು ವಿಜೇತಾಳ ಹತ್ತಿರ ದೂರಿದರು. "ಆ ಮರುವಾಯಿ ಹೇಳಿದ ಕೂಡ್ಲೇ ಕೇಳಿದ್ರು ನೋಡು!"

ಒಳಗಿನಿಂದ ಶೀನಪ್ಪ ತುಳುವಿನಲ್ಲಿ ಬೈಯುವುದು ಕೇಳಿತು. ಇಕ್ಕುಳಕ್ಕೆ ಬೆರಳು ಸಿಕ್ಕಿತ್ತು.